ಒಂಟಿಗರ ದಿಡ್ಡಿ ಬಾಗಿಲು

ಕರಿಬಂಡೆ ಕೋಟೆಯಲ್ಲಿ ಒಂದು ಪಡೆ ಇತ್ತು. ಅದರಲ್ಲಿ ಯಾರಿಗೂ ಹೆಂಡತಿ ಇಲ್ಲ, ಮಕ್ಕಳಿಲ್ಲ, ಮನೆ ಇಲ್ಲ. ಜನ ಅವರನ್ನು ಒಂಟಿಗರು ಅನ್ನುತ್ತಿದ್ದರು. ಬೆಳಗಾದರೆ ಗರಡಿ, ಸಂಜೆಯಾದರೆ ಕತ್ತಿವರಸೆ, ನಡುವೆ ರಾಗಿಮುದ್ದೆ. ಇಷ್ಟೇ ಅವರ ಸಂಸಾರ.

ಯಾಕಪ್ಪಾ ಇಂಥ ಬಾಳು ಅಂತೀರಾ? ಪಡೆ ಕಟ್ಟಿದ ಹಿರಿಯ ಒಂದು ಮಾತು ಹೇಳಿದ್ದನಂತೆ. "ಸ್ವಂತ ಮನೆ ಇದ್ದವನು ಕಷ್ಟ ಬಂದಾಗ ಮೊದಲು ತನ್ನ ಮನೆ ಬಾಗಿಲು ಹಾಕ್ಕೊಳ್ತಾನೆ. ಮನೆ ಇಲ್ಲದವನು ಎಲ್ಲರ ಬಾಗಿಲನ್ನೂ ಕಾಯ್ತಾನೆ." ಕೋಟೆಯ ಒಂದು ಮಗ್ಗುಲಿಗೆ ಕಣಿವೆ, ದರೋಡೆಕೋರರು ನುಗ್ಗಿ ಬರುವ ದಾರಿ. ಇನ್ನೊಂದು ಮಗ್ಗುಲಿಗೆ ತಂಗಡಿಹಳ್ಳಿ. ಸುಗ್ಗಿ ಬಂದರೆ ಊರಿನವರು ಕೋಟೆಗೆ ರಾಗಿ ಕೊಡಬೇಕು. ಊರಿಗೆ ಗಂಡಾಂತರ ಬಂದರೆ ಒಂಟಿಗರು ಬಾಗಿಲು ತೆಗೆದು ಊರಿನವರನ್ನು ಒಳಗೆ ಕರೆದುಕೊಳ್ಳಬೇಕು. ಎರಡೂ ಕಡೆಯವರು ದೀಪ ಮುಟ್ಟಿ ಕೊಟ್ಟುಕೊಂಡ ಮಾತು ಇದು. ತಂಗಡಿಹಳ್ಳಿಯ ಜನ ಧೈರ್ಯವಾಗಿ ನಿದ್ದೆ ಮಾಡುತ್ತಿದ್ದದ್ದೇ ಈ ಮಾತಿನ ಮೇಲೆ.

ಮಕ್ಕಳಿಲ್ಲದ ಪಡೆ ಅಂದಮೇಲೆ ಹೊಸಬರು ಹೊರಗಿನಿಂದಲೇ ಬರಬೇಕು. ಬರದಿದ್ದರೆ ಒಂದು ತಲೆಮಾರಿಗೆ ಕೋಟೆ ಖಾಲಿ. ಸೇರುತ್ತೇನೆ ಅಂತ ಬಂದವನಿಗೆ ಒಂದು ಪರೀಕ್ಷೆ ಇರುತ್ತಿತ್ತು. ಗೆದ್ದರೆ ತಾಯಿ ಕಟ್ಟಿದ ಉಡಿದಾರ ಬಿಚ್ಚಿ, ಅದರ ಜಾಗಕ್ಕೆ ಕಬ್ಬಿಣದ ಎಳೆಯ ಉಡಿದಾರ ಕಟ್ಟುತ್ತಿದ್ದರು. ಅದು ಸೊಂಟಕ್ಕೆ ಬಿದ್ದಮೇಲೆ ಮದುವೆ ಮಾತು ಎತ್ತುವ ಹಾಗಿಲ್ಲ.

ಆ ಪರೀಕ್ಷೆ ಮಾಡುತ್ತಿದ್ದವನು ಪಡೆಯ ಹಿರಿಯ ಜಡೆಯಪ್ಪ. ಎಂಥ ಮನುಷ್ಯ ಅಂತೀರಿ! ಮೊಸರಿನಲ್ಲಿ ಕಲ್ಲು ಹುಡುಕುವವನು. ಯಾರಾದರೂ ಕೈ ಮುಗಿದರೆ ಯಾಕೆ ಮುಗಿದ ಅಂತ ಯೋಚನೆ, ಮುಗಿಯದಿದ್ದರೆ ಯಾಕೆ ಮುಗಿಯಲಿಲ್ಲ ಅಂತ ಯೋಚನೆ. ಅಡುಗೆಯವನು ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಅದರಲ್ಲೊಂದು ಸಂಚು ಕಾಣುತ್ತಿತ್ತು ಅವನಿಗೆ.

ಹಾಗಂತ ಹುಟ್ಟಿದಾಗಿನಿಂದ ಹೀಗಿದ್ದವನಲ್ಲ, ಪಾಪ. ಅವನು ಹೊಸದಾಗಿ ಪಡೆ ಸೇರಿದ್ದ ಕಾಲದಲ್ಲಿ ಊರ ಕಡೆಯ ಸಣ್ಣ ದಿಡ್ಡಿ ಬಾಗಿಲ ಹತ್ತಿರ ಒಬ್ಬ ಹೆಂಗಸು ಬಂದು ಗೋಳೋ ಅಂತ ಅತ್ತಿದ್ದಳು. ಕಾವಲಿಗಿದ್ದ ಗೆಳೆಯ ಅಯ್ಯೋ ಪಾಪ ಅಂತ ಅಗುಳಿ ಸರಿಸಿದ. ಅವಳ ಹಿಂದೆ ಬಂಡೆಯ ಮರೆಯಲ್ಲಿ ದರೋಡೆಕೋರರು ಹೊಂಚು ಹಾಕಿದ್ದರು. ಆ ದಿನ ಜಡೆಯಪ್ಪನ ಗುರು ಅವನ ತೊಡೆಯ ಮೇಲೇ ಪ್ರಾಣ ಬಿಟ್ಟ. ಅವತ್ತಿನಿಂದ ಜಡೆಯಪ್ಪನಿಗೆ ಯಾರ ಅಳು ಕೇಳಿದರೂ ಕೈ ಕತ್ತಿಯ ಹಿಡಿಗೆ ಹೋಗುತ್ತಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಅನ್ನೋದು ಸುಳ್ಳಲ್ಲ.

ತಾನು ಹಿರಿಯನಾದ ಮೇಲೆ ಅವನು ಪರೀಕ್ಷೆಯನ್ನೇ ಬದಲಿಸಿದ. ಬಂದವನನ್ನು ದಿಡ್ಡಿ ಬಾಗಿಲ ಒಳಗೆ ಒಬ್ಬನನ್ನೇ ಕೂರಿಸಿ, "ನಾನು ಬರೋವರೆಗೆ ಯಾರು ಕೂಗಿದರೂ ಬಾಗಿಲು ತೆಗೀಬೇಡ" ಅಂತ ಹೇಳಿ ಹೋಗುತ್ತಿದ್ದ. ಆಮೇಲೆ ಕಣಿವೆ ಕಡೆಯಿಂದ ಸುತ್ತಿ ಬಂದು ಹೊರಗೆ ಕಳ್ಳಿಮೆಳೆಯ ಹಿಂದೆ ಕೂರುತ್ತಿದ್ದ. ಬಾಗಿಲ ಮುಂದೆ ತಂಗಡಿಹಳ್ಳಿಯ ಗಿರಿಯವ್ವ ಬಂದು ಅಳಬೇಕು. ಗಿರಿಯವ್ವ ಅಂದರೆ ಕೆರೆ ಏರಿಯ ಮೇಲೆ ಕಡಲೆಪುರಿ ಮಾರುವ ಮುದುಕಿ. ಅತ್ತದ್ದಕ್ಕೆ ಒಂದು ಸೇರು ರಾಗಿ ಕೂಲಿ. ಏನು ಅಳುತ್ತಿದ್ದಳು ಮಹಾತಾಯಿ! ಒಂದು ಸಲ ಮಗನಿಗೆ ಹಾವು ಕಚ್ಚಿತು ಅನ್ನುವಳು, ಇನ್ನೊಂದು ಸಲ ಸೊಸೆಗೆ ಹೆರಿಗೆ ನೋವು ಅನ್ನುವಳು. ಅವಳಿಗೆ ಮಗನೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಕೇಳಿದವರ ಕರುಳು ಮಾತ್ರ ಕಿತ್ತು ಬರುತ್ತಿತ್ತು.

ಕರುಳು ಕಿತ್ತು ಬಂದವನು ಬಾಗಿಲು ತೆಗೆಯುತ್ತಿದ್ದ. ಮೆಳೆಯ ಹಿಂದಿನಿಂದ ಜಡೆಯಪ್ಪ ಎದ್ದು, "ನಡಿ ಮನೆಗೆ" ಅನ್ನುತ್ತಿದ್ದ. ಕಲ್ಲಿನ ಹಾಗೆ ಕೂತವನಿಗೆ ಕಬ್ಬಿಣದ ಉಡಿದಾರ.

ಇಂಥ ಗುಟ್ಟು ಎಷ್ಟು ದಿನ ಉಳಿಯುತ್ತೆ ಹೇಳಿ? ಸುತ್ತಲಿನ ಹಳ್ಳಿಗಳಲ್ಲೆಲ್ಲ ಹಬ್ಬಿತು. ಪಾಲಯ್ಯ ಅಂತ ಒಬ್ಬ ಬಂದ. ಅವನು ಎರಡೂ ಕಿವಿಗೆ ಹತ್ತಿ ತುರುಕಿಕೊಂಡೇ ಬಂದಿದ್ದ. ಗಿರಿಯವ್ವ ಗಂಟಲು ಹರಿಯುವಷ್ಟು ಅತ್ತರೂ ಅವನು ಗೋಡೆಗೆ ಒರಗಿ ಸುಖವಾಗಿ ತೂಕಡಿಸಿದ. ಜಡೆಯಪ್ಪನಿಗೆ ಆನಂದವೋ ಆನಂದ. "ಇಷ್ಟು ಗಟ್ಟಿ ಮನಸ್ಸಿನವನನ್ನು ನಾನು ಕಂಡೇ ಇಲ್ಲ" ಅಂದು ಅವನನ್ನೇ ದಿಡ್ಡಿ ಬಾಗಿಲ ಕಾವಲಿಗೆ ಇಟ್ಟುಕೊಂಡ. ನೋಡಿ, ಎಲ್ಲರನ್ನೂ ಅನುಮಾನಿಸುವವನು ಕೊನೆಗೆ ನಂಬುವುದು ಎಂಥವನನ್ನು ಅಂತ!

ಹೀಗಿರುವಾಗ ಚಿತ್ತಯ್ಯ ಬಂದ. ಗಾಣದವರ ಮನೆಯ ಹುಡುಗ, ಗಟ್ಟಿ ಆಳು, ತಲೆಗೆ ಉದ್ದನೆಯ ಕೆಂಪು ರುಮಾಲು.

"ಯಾಕೆ ಬಂದೆ?" ಅಂತ ಕೇಳಿದ ಜಡೆಯಪ್ಪ.

"ಕಣಿವೇಲಿ ನಮ್ಮಪ್ಪನ್ನ ಹೊಡೆದು ಹಾಕಿ ಎತ್ತು ಹೊಡ್ಕೊಂಡು ಹೋದ್ರು ಬುದ್ಧಿ. ಇನ್ನೊಬ್ಬರ ಅಪ್ಪಂಗೆ ಹಂಗಾಗಬಾರ್ದು ಅಂತ ಬಂದೆ."

ಮಾತು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತಪ್ಪಾಯಿತು. ಇಷ್ಟು ಚೆನ್ನಾದ ಮಾತನ್ನು ಯಾರು ಹೇಳಿಕೊಟ್ಟಿರಬಹುದು ಅಂತ ಜಡೆಯಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಆದರೂ ಬಾಗಿಲ ಹತ್ತಿರ ಕೂರಿಸಿ, ಹೇಳುವುದನ್ನು ಹೇಳಿ, ಮೆಳೆಯ ಹಿಂದೆ ಹೋಗಿ ಕೂತ.

ಮಟಮಟ ಮಧ್ಯಾಹ್ನ. ಬಂಡೆ ಕಾದು ಕೆಂಡವಾಗಿತ್ತು. ಗಿರಿಯವ್ವ ಶುರು ಮಾಡಿದಳು. "ಯಪ್ಪಾ, ಯಾರಿದ್ದೀರಪ್ಪಾ ಒಳಗೆ? ಬಿಸಿಲಿಗೆ ಕಣ್ಣು ಕತ್ತಲೆ ಬತ್ತೈತೆ, ಒಂದು ಗುಟುಕು ನೀರು ಕೊಡ್ರಪ್ಪಾ!"

ಒಳಗಿಂದ ದನಿ ಬಂತು. "ಅಜ್ಜೀ, ಬಾಗಿಲು ತೆಗೆಯೋ ಹಂಗಿಲ್ಲ. ವಸಿ ತಾಳು, ನಾನೇ ಬತ್ತೀನಿ."

ತೆಗೆಯೋ ಹಾಗಿಲ್ಲ, ಬರ್ತಾನಂತೆ! ಇದೇನಿದು ಅಂತ ಜಡೆಯಪ್ಪ ಕತ್ತು ಚಾಚಿದ. ಗೋಡೆಯ ಮೇಲೆ ಕೆಂಪು ರುಮಾಲಿನ ತುದಿ ಕಾಣಿಸಿತು. ಚಿತ್ತಯ್ಯ ಅದನ್ನು ಗೋಡೆ ಮೇಲಿನ ಕಲ್ಲುಗೂಟಕ್ಕೆ ಕುಣಿಕೆ ಹಾಕಿ, ಮೊದಲು ಅಲ್ಲಿಂದಲೇ ಹೊರಗಿನ ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದ. ಆಮೇಲೆ ಸರಸರನೆ ಇಳಿದ. ಹೆಗಲಲ್ಲಿದ್ದ ಸೋರೆಬುರುಡೆಯಿಂದ ಮುದುಕಿಯ ಬೊಗಸೆಗೆ ನೀರು ಸುರಿದು, ತನ್ನ ನೆರಳು ಅವಳ ಮೇಲೆ ಬೀಳುವ ಹಾಗೆ ಬಿಸಿಲಿಗೆ ಅಡ್ಡ ನಿಂತ. ದಿಡ್ಡಿ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇತ್ತು.

ಜಡೆಯಪ್ಪ ಮೆಳೆಯಿಂದ ಧಿಗ್ಗನೆ ಎದ್ದು ಬಂದ. "ಯಾರೋ ಇದನ್ನೆಲ್ಲ ಕಲಿಸಿಕೊಟ್ಟೋರು?"

"ಯಾರೂ ಇಲ್ಲ ಬುದ್ಧಿ. ಬಾಗಿಲು ತೆಗೀಬೇಡ ಅಂದ್ರಿ, ತೆಗೀಲಿಲ್ಲ. ನೀರು ಕೊಡಬೇಡ ಅಂತ ನೀವು ಅನ್ನಲಿಲ್ಲ."

"ಇವತ್ತು ಇಳಿಯೋಕೆ ಬಂದೋನು ನಾಳೆ ಹತ್ತೋಕೂ ಬರ್ತಾನೆ. ತಾನು ಹತ್ತೋನು ಇನ್ನೊಬ್ಬರನ್ನೂ ಹತ್ತಿಸ್ತಾನೆ. ನೀನು ಕಳ್ಳರ ಕಡೆಯೋನು. ನಡಿ ಇಲ್ಲಿಂದ!"

ಚಿತ್ತಯ್ಯನ ಮುಖ ಸಣ್ಣದಾಯಿತು. ರುಮಾಲು ಜಾಡಿಸಿ ಕುಣಿಕೆ ಬಿಡಿಸಿಕೊಂಡು ತಲೆಗೆ ಸುತ್ತಿ ಗುಡ್ಡ ಇಳಿದು ಹೋದ.

ಗಿರಿಯವ್ವನಿಗೆ ರೇಗಿತು. "ಏನಪ್ಪಾ ಜಡೆಯಪ್ಪಾ, ಎಷ್ಟು ವರ್ಷದಿಂದ ಇಲ್ಲಿ ಬಾಯಿ ಬಡ್ಕೊಂಡಿದ್ದೀನಿ. ಬಾಗಿಲು ತೆಗೆದೋರು ಎದ್ದೂ ಬಿದ್ದೂ ತೆಗೆದ್ರು, ತೆಗೀದೋರು ಸತ್ತಾಳೋ ಇದ್ದಾಳೋ ಅಂತ ಕೇಳಲಿಲ್ಲ. ಬುದ್ಧೀನೂ ಕರುಳೂ ಎರಡೂ ಇದ್ದೋನು ಇವನೊಬ್ಬ. ಅವನನ್ನೇ ಅಟ್ಟಿಬಿಟ್ಟೆಯಲ್ಲ! ತಗೋ ನಿನ್ನ ರಾಗಿ. ಇನ್ನು ಮೇಲೆ ನಿನ್ನ ಸುಳ್ಳಿಗೆ ನಾನು ಅಳಾಕಿಲ್ಲ." ಸೆರಗು ಕೊಡವಿ ಹೊರಟೇಹೋದಳು.

ಬೇರೆಯವನಾಗಿದ್ದರೆ ಒಂದು ಗಳಿಗೆ ಕೂತು ಯೋಚಿಸುತ್ತಿದ್ದ. ಜಡೆಯಪ್ಪ ಯೋಚಿಸಿದ, ಆದರೆ ತನ್ನ ಧಾಟಿಯಲ್ಲೇ. ಮುದುಕಿ ಯಾಕೆ ಅವನ ಪರ ವಹಿಸಿದಳು? ಇಬ್ಬರೂ ಸೇರಿ ಮಾಡಿದ ಹೂಟವೇ? ಒಂದು ಸಂಜೆ ಬುರುಜಿನ ಕಂಡಿಯಿಂದ ನೋಡಿದರೆ ಕೆರೆ ಏರಿಯ ಮೇಲೆ ಕೆಂಪು ರುಮಾಲು ಕಂಡಿತು. ಚಿತ್ತಯ್ಯ ಕೋಟೆಯ ಕಡೆಗೇ ನೋಡುತ್ತಾ ನಿಂತಿದ್ದ. ಪಾಪ, ಆಸೆ ಪಟ್ಟು ಸಿಗದ ಜಾಗವನ್ನು ಯಾರಾದರೂ ನೋಡುತ್ತಾರೆ. ಜಡೆಯಪ್ಪನಿಗೆ ಮಾತ್ರ ಅದು ಒಳಗಿನವರಿಗೆ ಮಾಡುವ ಸನ್ನೆ ಅನ್ನಿಸಿತು. ಮಾರನೆಯ ದಿನವೇ ಊರ ಕಡೆಯ ಕಂಡಿಗಳಿಗೆಲ್ಲ ಕಲ್ಲು ಇಟ್ಟು ಗಾರೆ ಮೆತ್ತಿಸಿದ. "ಕೆರೆಗೆ ನೀರಿಗೆ ಬರೋ ಹೆಣ್ಣುಮಕ್ಕಳನ್ನು ನೋಡೋದೂ ತಪ್ಪುತ್ತೆ" ಅಂತ ಅದಕ್ಕೊಂದು ನೆಪ ಬೇರೆ. ಅಲ್ಲಿಂದ ಮುಂದೆ ಕಾವಲಿನವರ ಕಣ್ಣಿಗೆ ಬೀಳುತ್ತಿದ್ದದ್ದು ಕಣಿವೆ ಒಂದೇ. ಯಾರನ್ನು ಕಾಯಬೇಕಿತ್ತೋ ಆ ಊರೇ ಅವರಿಗೆ ಕಾಣುತ್ತಿರಲಿಲ್ಲ.

ಗಿರಿಯವ್ವ ಬಿಟ್ಟುಹೋದಳಲ್ಲ, ಇನ್ನು ಅಳುವವರು ಯಾರು? ಜಡೆಯಪ್ಪ ತಾನೇ ಶುರುಹಚ್ಚಿಕೊಂಡ. ನಗಬೇಡಿ, ನಿಜ. ಅಷ್ಟು ದೊಡ್ಡ ಮೀಸೆಯ ಮನುಷ್ಯ ಹೆಂಗಸಿನ ದನಿ ಮಾಡಿ ಅಳುತ್ತಿದ್ದ. ಒಮ್ಮೆ ಗಾಯಗೊಂಡವನ ಹಾಗೆ ನರಳುತ್ತಿದ್ದ. ಹೊಸಬರನ್ನಷ್ಟೇ ಅಲ್ಲ, ಒಳಗಿದ್ದ ಹಳಬರನ್ನೂ ಬಿಡುತ್ತಿರಲಿಲ್ಲ. ಕೊನೆಕೊನೆಗೆ ತನ್ನ ದನಿಯಲ್ಲೇ, "ನಾನು ಕಣ್ರೋ ಜಡೆಯಪ್ಪ, ದರೋಡೆಕೋರರು ಬಂದಿದ್ದಾರೆ, ತೆಗೀರಿ!" ಅಂತ ಕೂಗುತ್ತಿದ್ದ. ಓಡಿ ಬಂದು ತೆಗೆದವನ ಕಬ್ಬಿಣದ ಉಡಿದಾರ ಕತ್ತರಿಸಿ ಕೋಟೆಯಿಂದಲೇ ಅಟ್ಟಿದ. "ನನ್ನ ದನಿ ಯಾರು ಬೇಕಾದರೂ ಮಾಡಬಹುದು. ನಾನೇ ಅಂತ ನಿನಗೆ ಹೇಗೆ ಗೊತ್ತಾಯ್ತು?" ಅಂತ ಬೈದ. ತಾನು ನಿಜವಾಗಿ ಒಳಗೆ ಬರಬೇಕಾದಾಗ ಕಣಿವೆಯ ಹೆಬ್ಬಾಗಿಲಿಗೆ ಸುತ್ತಿಕೊಂಡು ಬರುತ್ತಿದ್ದ. ಹೀಗೆ ಒಳ್ಳೆಯವರೆಲ್ಲ ಒಬ್ಬೊಬ್ಬರಾಗಿ ಗುಡ್ಡ ಇಳಿದು ಹೋದರು. ಯಾರ ಕೂಗಿಗೂ ಅಲ್ಲಾಡದವರು ಉಳಿದರು. ಜಡೆಯಪ್ಪನಿಗೆ ಈಗ ನೆಮ್ಮದಿ. ಇಂಥ ಭದ್ರವಾದ ಬಾಗಿಲು ಯಾವ ಕೋಟೆಗೂ ಇಲ್ಲ ಅಂದುಕೊಂಡ.

ಸುಗ್ಗಿ ಬಂತು. ಅಳತೆಯಲ್ಲಿ ಮೋಸ ಆದೀತು ಅಂತ ಜಡೆಯಪ್ಪ ಇನ್ನೊಬ್ಬರನ್ನು ನಂಬದೆ ತಾನೇ ತಂಗಡಿಹಳ್ಳಿಯ ಕಣಕ್ಕೆ ಬಂದು ನಿಂತಿದ್ದ. ಬೆಳಗಿನ ಹೊತ್ತು, ರಾಗಿ ತೂರುತ್ತಿದ್ದರು. ಆಗ ಎದ್ದಿತು ಗದ್ದಲ. ದರೋಡೆಕೋರರು ಈ ಸಲ ಕಣಿವೆಯಿಂದ ಬರಲಿಲ್ಲ. ಕೋಟೆಯ ಕಣ್ಣೆಲ್ಲ ಕಣಿವೆಯ ಮೇಲೇ ಇದೆ ಅಂತ ತಿಳಿದುಕೊಂಡು, ಬತ್ತಿದ ಹಳ್ಳದ ಗುಂಟ ಹಿಂದಿನಿಂದ ಬಂದಿದ್ದರು.

"ಕೋಟೆಗೆ ಓಡ್ರೋ!" ಅಂತ ಯಾರೋ ಕೂಗಿದರು. ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು, ಮುದುಕರನ್ನು ಕೈ ಹಿಡಿದು ಎಳೆದುಕೊಂಡು ಊರಿಗೆ ಊರೇ ಗುಡ್ಡ ಹತ್ತಿತು. ಜಡೆಯಪ್ಪ ಕತ್ತಿ ಹಿರಿದು ಹಿಂದೆ ನಿಂತ. "ಹೆದರಬೇಡಿ, ನಾನಿದ್ದೀನಿ! ನನ್ನ ದನಿ ಕೇಳಿದ ತಕ್ಷಣ ಬಾಗಿಲು ತೆಗೀ..."

ಮಾತು ಅಲ್ಲೇ ನಿಂತಿತು. ಹೆಬ್ಬಾಗಿಲಿಗೆ ಸುತ್ತಿ ಹೋಗುವಷ್ಟು ಹೊತ್ತು ಇರಲಿಲ್ಲ. ದಿಡ್ಡಿ ಬಾಗಿಲೊಂದೇ ಗತಿ.

ಜನ ಬಾಗಿಲು ಬಡಿದರು. ಹೆಂಗಸರು ಅತ್ತರು, ಮಕ್ಕಳು ಚೀರಿದರು. ಒಳಗೆ ಸದ್ದಿಲ್ಲ. ಜಡೆಯಪ್ಪ ಗುಂಪು ಸೀಳಿಕೊಂಡು ಮುಂದೆ ಬಂದು ಎರಡೂ ಕೈಯಿಂದ ಗುದ್ದಿದ. "ಪಾಲಯ್ಯಾ! ನಾನು ಕಣೋ, ಜಡೆಯಪ್ಪ! ದರೋಡೆಕೋರರು ಬಂದಿದ್ದಾರೆ, ತೆಗಿಯೋ!"

ಒಳಗೆ ಕಿಸಕ್ಕನೆ ನಗು ಕೇಳಿಸಿತು. "ಹೋದ ಹುಣ್ಣಿಮೇಲೂ ಹಿಂಗೇ ಕೂಗಿದ್ರಿ ಗುರುಗಳೇ. ಈ ಸಲ ಬಹಳ ಜನ ಕರ್ಕೊಂಡು ಬಂದಂಗೈತೆ! ಎಷ್ಟು ಕೂಗಿದರೂ ನಾವು ಮೋಸ ಹೋಗಲ್ಲ. ನಿಮ್ಮ ಶಿಷ್ಯರಲ್ವೇ!"

ಆ ಕೊನೆಯ ಮಾತು ಅವನ ಎದೆಗೆ ಈಟಿಯ ಹಾಗೆ ನಾಟಿತು. ಬಾಗಿಲ ಪಕ್ಕದ ಕಂಡಿಗೆ ತಾನು ಮೆತ್ತಿಸಿದ ಗಾರೆಯನ್ನು ಕತ್ತಿಯ ತುದಿಯಿಂದ ಕೆರೆದ. ಅದು ಜಗ್ಗಲಿಲ್ಲ, ಕೆಲಸ ಅಷ್ಟು ಚೆನ್ನಾಗಿ ಮಾಡಿಸಿದ್ದ.

ಕೆಳಗಿನಿಂದ ಕವಣೆಕಲ್ಲುಗಳು ಹಾರಿಬಂದವು. ಊರಿನ ಗಂಡಸರು ಗುದ್ದಲಿ, ದೊಣ್ಣೆ ಹಿಡಿದು ಎದುರು ನಿಂತರು. ಓಡಲಾರದೆ ಎಲ್ಲರ ಹಿಂದೆ ಉಳಿದಿದ್ದ ಗಿರಿಯವ್ವ ತಲೆಗೆ ಕಲ್ಲು ಬಿದ್ದು ಕುಸಿದಳು. "ಯಪ್ಪಾ, ಬಾಗಿಲು ತೆಗೀರಪ್ಪಾ" ಅಂತ ಕೂಗಿದಳು. ಅದೇ ದನಿ. ಒಳಗಿನವರಿಗೆ ಚೆನ್ನಾಗಿ ಪರಿಚಯವಿದ್ದ ದನಿ. ಒಳಗೆ ಮತ್ತೆ ನಕ್ಕರು.

ಆಗ ಊರಿನವರ ಜೊತೆ ಓಡಿ ಬಂದಿದ್ದ ಚಿತ್ತಯ್ಯ ಕೆಂಪು ರುಮಾಲು ಬಿಚ್ಚುತ್ತಾ ಬಂದು ನಿಂತ. "ಬುದ್ಧಿ, ಹೆಗಲು ಕೊಡಿ. ಕಲ್ಲುಗೂಟ ಸಿಕ್ಕರೆ ನಾನು ಹತ್ತುತೀನಿ."

ಇಂಥ ಹೊತ್ತಿನಲ್ಲೂ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಜಡೆಯಪ್ಪನ ಮನಸ್ಸು ಹಿಂದೆ ಎಳೆಯಿತು. ಇವನು ನಿಜವಾಗಿ ಅವರ ಕಡೆಯವನೇ ಆಗಿದ್ದರೆ? ಗೋಡೆ ಹಾರಿ ಒಳಗಿನವರ ಕತ್ತು ಕುಯ್ದರೆ? ಹಳೆಯ ರೋಗ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅವನು ಚಿತ್ತಯ್ಯನ ಮುಖ ನೋಡಿದ. ಅಷ್ಟು ಹತ್ತಿರದಿಂದ ಯಾರ ಮುಖವನ್ನೂ ಅವನು ನೋಡಿ ವರ್ಷಗಳಾಗಿದ್ದವು. ಹುಡುಗನ ಕಣ್ಣು ಗೋಡೆಯ ಮೇಲಿರಲಿಲ್ಲ, ಬಿದ್ದಿದ್ದ ಮುದುಕಿಯ ಮೇಲಿತ್ತು.

ಜಡೆಯಪ್ಪ ಕತ್ತಿ ಕೆಳಗಿಟ್ಟು ಬಾಗಿದ.

ಚಿತ್ತಯ್ಯ ಅವನ ಹೆಗಲ ಮೇಲೆ ನಿಂತು ರುಮಾಲಿನ ಕುಣಿಕೆಯನ್ನು ಕಲ್ಲುಗೂಟಕ್ಕೆ ಎಸೆದು ಹತ್ತಿ ಆಚೆ ಧುಮುಕಿದ. ಒಳಗೆ ಕೂಗಾಟ, ತಳ್ಳಾಟ. "ಹಿಡೀರಿ ಅವನ್ನ! ಇದೂ ಪರೀಕ್ಷೆಯೇ!" ಅನ್ನುವ ಪಾಲಯ್ಯನ ದನಿ. ಅದರ ಮೇಲೆ ಚಿತ್ತಯ್ಯನ ದನಿ. "ಪರೀಕ್ಷೆಯಾದರೆ ಸೋತೋನು ನಾನೇ ಅನ್ನಿ! ನನ್ನನ್ನೇ ಅಟ್ಟಿಬಿಡಿ! ಬಾಗಿಲು ಮಾತ್ರ ತೆಗೀತೀನಿ!"

ಅಗುಳಿ ಸರಿದ ಸದ್ದಾಯಿತು. ಬಾಗಿಲು ತೆರೆಯಿತು.

ಒಂಟಿಗರು ಹೊರಗೆ ನೋಡಿದರು. ರಕ್ತ ನೋಡಿದರು. ಅವರ ಮುಖದ ನಗು ಇಂಗಿಹೋಯಿತು. ಹೊಡೆದಾಟದಲ್ಲಿ ಅವರು ಯಾರಿಗೇನು ಕಡಿಮೆ? ಕಣ್ಣಿಗೆ ಕಂಡಮೇಲೆ ಸಿಂಹದ ಹಾಗೆ ನುಗ್ಗಿದರು. ಬಿಸಿಲು ಏರುವ ಮೊದಲೇ ದರೋಡೆಕೋರರು ಬಂದ ಹಳ್ಳದ ದಾರಿಯಲ್ಲೇ ಕಾಲಿಗೆ ಬುದ್ಧಿ ಹೇಳಿದರು.

ಜಡೆಯಪ್ಪ ಗಿರಿಯವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಹಿಂದೆ ಗುರು ಪ್ರಾಣ ಬಿಟ್ಟ ತೊಡೆ ಅದೇ. ಚಿತ್ತಯ್ಯ ಸೋರೆಬುರುಡೆಯಿಂದ ಅವಳ ಬಾಯಿಗೆ ನೀರು ಬಿಟ್ಟ. ಅವಳು ಕಣ್ಣು ತೆರೆದು ಜಡೆಯಪ್ಪನನ್ನು ನೋಡಿದಳು.

"ಈ ಸಲ ನಿಜವಾಗ್ಲೂ ಅತ್ತೆ ಕಣಪ್ಪಾ. ಇದಕ್ಕೂ ಒಂದು ಸೇರು ರಾಗಿ ಕೊಡ್ತೀಯೇನು?"

ಅಷ್ಟು ಹೇಳಿ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ಜಡೆಯಪ್ಪ ಆ ದಿನ ಮಗುವಿನ ಹಾಗೆ ಅತ್ತ. ಅದು ಯಾರ ದನಿಯನ್ನೂ ಅನುಕರಿಸಿದ ಅಳು ಆಗಿರಲಿಲ್ಲ.

ಅವಳ ಮಣ್ಣು ಮುಗಿಸಿ ಬಂದಮೇಲೆ ಜಡೆಯಪ್ಪ ಕಬ್ಬಿಣದ ಉಡಿದಾರ ಹಿಡಿದು ಚಿತ್ತಯ್ಯನ ಮುಂದೆ ನಿಂತ. "ತಪ್ಪಾಯ್ತಪ್ಪಾ. ಈಗಲಾದರೂ ಬಾ. ನನ್ನ ಜಾಗಕ್ಕೇ ಬಾ."

ಚಿತ್ತಯ್ಯ ತಲೆ ಕೆರೆದುಕೊಂಡ. "ಅದು... ನಮ್ಮವ್ವ ಹೆಣ್ಣು ನೋಡಿ ಒಪ್ಪಿಕೊಂಡು ಬಿಟ್ಟವಳೆ ಬುದ್ಧಿ. ವೀಳ್ಯ ಶಾಸ್ತ್ರ ಆಗೋಗೈತೆ. ನೀವು ಅಟ್ಟಿದಾಗ ಇನ್ನೇನು ಮಾಡಲಿ ಹೇಳಿ. ಕೊಟ್ಟ ಮಾತು ತಪ್ಪೋನು ನಿಮ್ಮ ಬಾಗಿಲು ಕಾಯೋಕೂ ಲಾಯಕ್ಕಲ್ಲ, ಅಲ್ವರಾ?"

ಪಡೆಗೆ ಸಿಗಬೇಕಾಗಿದ್ದ ಅತ್ಯುತ್ತಮ ಆಳು ಮದುಮಗನಾಗಲು ತನ್ನ ಗಾಣದ ಮನೆಗೆ ಹೋದ. ಹೋಗುವಾಗ ಕೆಂಪು ರುಮಾಲನ್ನು ಮಾತ್ರ ಕಲ್ಲುಗೂಟಕ್ಕೆ ಕಟ್ಟಿ, "ಇದು ಇಲ್ಲೇ ಇರಲಿ, ಬೇಕಾದೀತು" ಅಂದ.

ಜಡೆಯಪ್ಪ ಊರ ಕಡೆಯ ಕಂಡಿಗಳ ಗಾರೆಯನ್ನು ತನ್ನ ಕೈಯಾರೆ ಒಡೆದ. ಆಮೇಲೆ ಅಲ್ಲಿ ಯಾರೂ ಸುಳ್ಳು ಅಳು ಅಳಲಿಲ್ಲ. ಸೇರಲು ಬಂದವನನ್ನು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಆ ಬಾಗಿಲಲ್ಲೇ ಇರಿಸುತ್ತಿದ್ದರು. ದಾರಿಹೋಕರು ಬರುತ್ತಾರೆ, ಬಾಯಾರಿದವರು ಬರುತ್ತಾರೆ, ಕಳ್ಳರೂ ಬರುತ್ತಾರೆ. ವರ್ಷ ಕಳೆದಮೇಲೆ ಜಡೆಯಪ್ಪ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದದ್ದು ಒಂದೇ ಮಾತು. "ಬಾಗಿಲು ತೆಗೆದೆಯೋ ಬಿಟ್ಟೆಯೋ, ಅದು ಆಮೇಲೆ. ಕೂಗಿದವರು ಯಾರು ಅಂತ ಗೋಡೆ ಹತ್ತಿ ನೋಡಿದೆಯಾ?"

ನೀತಿ: ಬಾಗಿಲು ಕಾಯುವವನಿಗೆ ಅನುಮಾನ ಇರಬೇಕು, ತಪ್ಪಲ್ಲ. ಆದರೆ ಅನುಮಾನ ಬಂದಾಗ ಕಣ್ಣು ತೆರೆದು ನೋಡಬೇಕೇ ಹೊರತು ಕಿವಿ ಮುಚ್ಚಿಕೊಂಡು ಕೂರಬಾರದು. ಸುಳ್ಳು ಕೂಗು ಕೂಗಿ ಜನರನ್ನು ಆರಿಸಿಕೊಂಡವನಿಗೆ, ನಿಜವಾದ ಕೂಗಿಗೆ ಓಗೊಡುವವರು ಸಿಗುವುದಿಲ್ಲ.